ಬೀಟಲ್ ಬಾಗಿಲಿಗೆ ಓವರ್‌ಸೈಜ್ ಹಿಂಜ್ ಪಿನ್: ಕೊಡಗಿನ ಮಳೆ, ಇಳಿಜಾರು ಎರಡನ್ನೂ ಕಂಡ ಮೇಲೆ

ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಬಾಗಿಲು ಜೋತುಬಿದ್ದಿದ್ದರೆ, ಹಿಂಜ್ ಪಿನ್ (ಬಾಗಿಲಿನ ಕೀಲಿನೊಳಗಿನ ಕಡ್ಡಿ) ಸವೆದಿದ್ದರೆ, ಓವರ್‌ಸೈಜ್, ಅಂದರೆ ಮೂಲದ್ದಕ್ಕಿಂತ ಸ್ವಲ್ಪ ದಪ್ಪ ಇರುವ ಪಿನ್ ಸೆಟ್ ತಗೊಳ್ಳಿ. ದುಡ್ಡಿಗೆ ಮೋಸ ಇಲ್ಲ. ಆದರೆ ಸೆಟ್ ಕೈಗೆ ಬಂದರೆ ಅರ್ಧ ಕೆಲಸ ಮಾತ್ರ ಆದಂತೆ. ಉಳಿದರ್ಧ ರೀಮರ್ (ತೂತನ್ನು ನಯವಾಗಿ ಕೊರೆದು ದುಂಡಗೆ ಮಾಡುವ ಸಾಧನ) ಹಿಡಿಯುವವರ ಕೈಯಲ್ಲಿದೆ. ಹಲವು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಹೊಸದರಲ್ಲಿ ಎಲ್ಲ ಪಿನ್ನೂ ಚೆನ್ನಾಗಿಯೇ ಇರುತ್ತೆ ಅಲ್ವಾ.

ನಮ್ಮದು 1967ರ ಕಾರು. ಅಮ್ಮತ್ತಿ ಹತ್ತಿರ ತೋಟದ ಮನೆಯಲ್ಲಿದೆ. ಶೆಡ್ಡಿನಲ್ಲಿ ಹೊದಿಸಿ ಇಟ್ಟ ಗಾಡಿ ಅಲ್ಲ. ಸಿದ್ದಾಪುರ ಸಂತೆಗೆ, ವಿರಾಜಪೇಟೆಗೆ, ಆಗಾಗ ಮಡಿಕೇರಿಗೆ ಹೋಗಿಬರುತ್ತದೆ. ಮದುವೆಗೆ, ಪುತ್ತರಿ ಹಬ್ಬಕ್ಕೆ ನೆಂಟರ ಮನೆಗೆ ಹೋಗುವಾಗ ಮನೆಯವರಿಗೆಲ್ಲ ಇದೇ ಕಾರು ಬೇಕು.

ಬೀಟಲ್‌ನಲ್ಲಿ ಹಿಂಜ್ ಬೇಗ ಸವೆಯಲು ಕಾರಣ ಇದೆ. ಇರುವುದು ಎರಡೇ ಬಾಗಿಲು. ಹಿಂದೆ ಕೂರುವವರೂ ಮುಂದಿನ ಬಾಗಿಲಿನಿಂದಲೇ, ಸೀಟು ಮಡಚಿ ಹತ್ತಿ ಇಳಿಯಬೇಕು. ಹಾಗಾಗಿ ಬಾಗಿಲು ಅಗಲ, ಭಾರವೂ ಜಾಸ್ತಿ. ಅಷ್ಟೂ ಭಾರ ಹೊರುವುದು ಎರಡು ಹಿಂಜ್, ಅದರೊಳಗಿನ ಎರಡು ಪಿನ್. ಬಾಗಿಲು ತನ್ನ ಭಾರಕ್ಕೆ ಮೇಲಿನ ಹಿಂಜನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆದ್ದರಿಂದ ಪಿನ್ ಸುತ್ತಲೂ ಸಮನಾಗಿ ಸವೆಯುವುದಿಲ್ಲ, ಒಂದೇ ಬದಿ ತಿಂದುಹೋಗುತ್ತದೆ. ಹಿಂಜ್‌ನ ತೂತೂ ದುಂಡಗೆ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ನಮ್ಮ ಊರಿನಲ್ಲಿ ಇದಕ್ಕೆ ಇನ್ನೂ ಎರಡು ಸೇರಿಕೊಳ್ಳುತ್ತವೆ. ಒಂದು ಇಳಿಜಾರು. ಕೊಡಗಿನಲ್ಲಿ ಸಮತಟ್ಟು ಜಾಗ ನೋಡಿ ಗಾಡಿ ನಿಲ್ಲಿಸುತ್ತೇನೆ ಅಂದರೆ ಆಗುವ ಮಾತಲ್ಲ. ಮೂತಿ ಇಳಿಜಾರಿನ ಕಡೆ ಇದ್ದರೆ ಬಾಗಿಲು ತೆರೆದ ತಕ್ಷಣ ತಾನಾಗಿ ಬೀಸಿಕೊಂಡು ಹೋಗಿ ಚೆಕ್ ಸ್ಟ್ರಾಪ್‌ಗೆ (ಬಾಗಿಲು ಅತಿಯಾಗಿ ತೆರೆಯದಂತೆ ತಡೆಯುವ ಪಟ್ಟಿ) ಬಡಿಯುತ್ತದೆ. ಪ್ರತಿ ಸಲವೂ ಆ ಹೊಡೆತ ಹಿಂಜ್‌ಗೆ ಬೀಳುತ್ತದೆ. ಇನ್ನೊಂದು, ಹಿರಿಯರು ಇಳಿಯುವ ರೀತಿ. ನಮ್ಮ ಮಾವನವರಿಗೆ ಮಂಡಿ ನೋವು. ಬಾಗಿಲಿನ ಮೇಲೆ ಕೈಯೂರಿ, ಮೈಭಾರ ಎಲ್ಲ ಅದರ ಮೇಲೆ ಬಿಟ್ಟು ಏಳುತ್ತಾರೆ. ಅವರಿಗೆ ಬೇಡ ಅನ್ನಲು ಮನಸ್ಸು ಬರಲ್ಲ. ಬಾಗಿಲು ಅದನ್ನು ತಡೆಯುವ ಹಾಗೆ ಇರಬೇಕು.

ಮೊದಲು ಕಾಣಿಸಿದ್ದು ಬಾಗಿಲಿನ ಉದ್ದಕ್ಕೂ ಇರುವ ಕ್ರೋಮ್ ಪಟ್ಟಿಯಲ್ಲಿ. ಬಾಗಿಲಿನ ಪಟ್ಟಿಯೂ ಹಿಂದಿನ ಬಾಡಿಯ ಪಟ್ಟಿಯೂ ಒಂದೇ ಗೆರೆಯಲ್ಲಿ ಇರಬೇಕು. ನಮ್ಮದರಲ್ಲಿ ಬಾಗಿಲಿನ ಪಟ್ಟಿ ಕೆಳಗೆ ಇಳಿದಿತ್ತು. ಹಿಂಜ್‌ನಲ್ಲಿ ಸ್ವಲ್ಪ ಆಟ, ಅಂದರೆ ಸಡಿಲ ಬಂದರೂ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಎರಡು ಹಿಂಜ್‌ಗಳ ನಡುವಿನ ಅಂತರಕ್ಕಿಂತ ಬಾಗಿಲಿನ ಉದ್ದ ಎರಡು ಪಟ್ಟು ಇದೆ ಅಂದುಕೊಳ್ಳಿ. ಆಗ ಹಿಂಜ್‌ನಲ್ಲಿ 1 ಮಿ.ಮೀ. ಸಡಿಲ ಇದ್ದರೆ ಬೀಗದ ಕಡೆ 2 ಮಿ.ಮೀ. ಇಳಿಯುತ್ತದೆ.

ಆಮೇಲೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಬಂತು. ಜೋತ ಬಾಗಿಲು ರಬ್ಬರ್ ಬೀಡಿಂಗ್ ಮೇಲೆ ಸಮನಾಗಿ ಒತ್ತುವುದಿಲ್ಲ. ಮೇಲಿನ ಮೂಲೆಯಿಂದ ನೀರು ಜಿನುಗಿ ಒಳಗೆ ಇಳಿಯಿತು. ಬೀಟಲ್‌ನಲ್ಲಿ ಇದನ್ನು ಸುಮ್ನೆ ಬಿಡುವಂತಿಲ್ಲ. ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ, ನೆಲದ ತಗಡಿನ ಮೇಲೆ. ಮ್ಯಾಟ್ ಕೆಳಗೆ ನೀರು ನಿಂತರೆ ನೆಲವೇ ತುಕ್ಕು ಹಿಡಿದು ಹೋಗುತ್ತದೆ. ಪಿನ್ ಸವೆದದ್ದು ಸಣ್ಣ ವಿಷಯ ಅಂತ ತುಂಬಾ ಜನ ತಳ್ಳಿಹಾಕುತ್ತಾರೆ. ಕೊನೆಗೆ ಟಿಂಕರಿಂಗ್ ಖರ್ಚಿನಲ್ಲಿ ಕೂತು ಅಳುತ್ತಾರೆ.

ಪಿನ್ ತರಿಸುವ ಮೊದಲು ಕಾಯಿಲೆ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಬಾಗಿಲು ಮುಚ್ಚಲು ಬಲ ಹಾಕಬೇಕು ಅಂದಮಾತ್ರಕ್ಕೆ ಹಿಂಜ್ ಹಾಳು ಅಂತಲ್ಲ. ಬೀಟಲ್ ಒಳಗಡೆ ಗಾಳಿಗೂ ಜಾಗ ಬಿಡದಷ್ಟು ಬಿಗಿ. ಕಿಟಕಿ ಒಂದಿಷ್ಟು ಇಳಿಸಿ ಮುಚ್ಚಿ ನೋಡಿ. ಹಗುರವಾಗಿ ಕೂತರೆ ಅದು ಒಳಗಿನ ಗಾಳಿಯ ಒತ್ತಡ ಅಷ್ಟೆ. ಆಮೇಲೆ ಬಾಗಿಲು ಅರ್ಧ ತೆರೆದು ಬೀಗದ ಕಡೆ ಹಿಡಿದು ಮೇಲಕ್ಕೆ ಎತ್ತಿ. ಇನ್ನೊಬ್ಬರು ಹಿಂಜ್ ಪಕ್ಕ ಕೂತು ನೋಡಲಿ. ಬೀಟಲ್‌ನಲ್ಲಿ ಹಿಂಜ್ ಹೊರಗೇ ಕಾಣುವುದರಿಂದ ಇದು ಸುಲಭ. ಪಿನ್ ತೂತಿನೊಳಗೆ ಅಲುಗಾಡಿದರೆ ಪಿನ್ ಹೋಗಿದೆ. ಇಡೀ ಹಿಂಜೇ ಅದು ಕೂತಿರುವ ಬಾಡಿಯ ಕಂಬದ ಮೇಲೆ ಅಲುಗಾಡಿದರೆ ಸ್ಕ್ರೂ ಸಡಿಲ ಇರಬೇಕು, ಇಲ್ಲವೇ ಕಂಬದ ತಗಡು ತುಕ್ಕು ತಿಂದಿರಬೇಕು. ಎರಡೂ ಅಲ್ಲ, ಆದರೂ ಬಾಗಿಲಿನ ಸಂದು ಮೇಲೊಂದು ಅಳತೆ ಕೆಳಗೊಂದು ಅಳತೆ ಇದೆ ಅಂದರೆ ಕೆಳಗಿನ ಹೀಟರ್ ಚಾನೆಲ್ (ಬಿಸಿಗಾಳಿ ಹಾಯುವ, ಪೆಟ್ಟಿಗೆಯಂಥ ತಗಡಿನ ತೊಲೆ) ನೋಡಿ. ಅದು ತುಕ್ಕು ಹಿಡಿದರೆ ಬಾಡಿಯೇ ನಡುವಿನಲ್ಲಿ ಕುಸಿಯುತ್ತದೆ. ಆಗ ಚಿನ್ನದ ಪಿನ್ ಹಾಕಿದರೂ ಬಾಗಿಲು ಕೂರಲ್ಲ. ನಮ್ಮ ಕಾರಿನ ಕಂಬ, ಚಾನೆಲ್ ಎರಡೂ ಗಟ್ಟಿ ಇದ್ದವು. ಪಿನ್ ಮಾತ್ರ ಹೋಗಿತ್ತು.

ಈ ಕಾರಿನ ಸಾಮಾನು ಈಗಲೂ ಸಿಗುವುದು ನಮ್ಮ ಪುಣ್ಯ. 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬೀಟಲ್ ತಯಾರಾಗಿವೆ. ಕೊನೆಯದು ಮೆಕ್ಸಿಕೋದ ಪುಯೆಬ್ಲಾ ಕಾರ್ಖಾನೆಯಿಂದ 2003ರ ಜುಲೈನಲ್ಲಿ ಹೊರಬಂತು. ಅಷ್ಟು ಗಾಡಿ ಇರುವಾಗ ಹಿಂಜ್ ಪಿನ್‌ನಂಥ ಸಣ್ಣ ಸಾಮಾನನ್ನೂ ಯಾರೋ ಒಬ್ಬರು ಮಾಡುತ್ತಲೇ ಇರುತ್ತಾರೆ. ನಾನು ತರಿಸಿದ್ದು ಹೊರದೇಶದಿಂದ ಬರುವ ಸೆಟ್, ಬೆಂಗಳೂರಿನ ಒಬ್ಬ ಬಿಡಿಭಾಗದ ವ್ಯಾಪಾರಿ ಮೂಲಕ. ಒಂದು ಬಾಗಿಲಿಗೆ ಎರಡು ಪಿನ್. ಗಟ್ಟಿ ಮಾಡಿದ ಉಕ್ಕು, ಕಪ್ಪು ಲೇಪ. ಒಂದು ತುದಿಯಲ್ಲಿ ತೂತನ್ನು ಕಚ್ಚಿ ಹಿಡಿಯಲು ಸಣ್ಣ ಸಣ್ಣ ಗೆರೆಗಳು. ಉದ್ದಕ್ಕೂ ಎಣ್ಣೆ ಇಳಿಯಲು ಒಂದು ಗೀರು. ಮೂಲ ಪಿನ್‌ಗಿಂತ ಸ್ವಲ್ಪ ದಪ್ಪ. ಬೆಲೆ ಒಂದು ಟೈರಿಗಿಂತ ಕಡಿಮೆ.

ಮೂಲ ಅಳತೆಯ ಪಿನ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ತೂತು ಮೊಟ್ಟೆಯಾಕಾರ ಆಗಿದೆ ಅಂತ ಆಗಲೇ ಹೇಳಿದೆ. ಅದರೊಳಗೆ ದುಂಡಗಿನ ಹೊಸ ಪಿನ್ ಇಳಿಸಿದರೆ ಮೊದಲ ದಿನದಿಂದಲೇ ಆಟ ಇರುತ್ತೆ. ತೂತನ್ನು ಮತ್ತೆ ದುಂಡಗೆ ಮಾಡಲು ಒಂದಿಷ್ಟು ಕೊರೆಯಲೇಬೇಕು. ಕೊರೆದ ಮೇಲೆ ದಪ್ಪ ಪಿನ್ನೇ ಬೇಕು. ಗನ್‌ಮೆಟಲ್ ಬುಷ್ (ತೂತಿನೊಳಗೆ ಕೂರಿಸುವ ಲೋಹದ ಕೊಳವೆ) ಹಾಕುವ ದಾರಿಯೂ ಇದೆ. ಆದರೆ ಬುಷ್‌ಗೆ ಜಾಗ ಮಾಡಲು ತೂತು ಇನ್ನೂ ದೊಡ್ಡದಾಗಬೇಕು, ಸುತ್ತಲಿನ ಲೋಹ ತೆಳುವಾಗುತ್ತದೆ. ಇಷ್ಟು ಭಾರದ ಬಾಗಿಲಿಗೆ ಅದು ನನಗೆ ಸರಿ ಕಾಣಲಿಲ್ಲ. ಸ್ಟೇನ್‌ಲೆಸ್ ಪಿನ್ ತಿರುಗಿಸಿ ಕೊಡುತ್ತೇವೆ ಅಂತ ಹೇಳಿದವರೂ ಇದ್ದರು. ತುಕ್ಕು ಹಿಡಿಯಲ್ಲ, ನಿಜ. ಆದರೆ ಅಂಗಡಿಯಲ್ಲಿ ಸಿಗುವ ಸಾದಾ ಸ್ಟೇನ್‌ಲೆಸ್ ಗಟ್ಟಿ ಮಾಡಿದ ಉಕ್ಕಿನಷ್ಟು ಗಟ್ಟಿ ಇರಲ್ಲ.

ಕೆಲಸ ಮಾಡಿಸಿದ್ದು ಗೋಣಿಕೊಪ್ಪದ ಒಂದು ಲೇತ್ ಅಂಗಡಿಯವರ ಕೈಯಲ್ಲಿ. ಎಸ್ಟೇಟಿನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಪಂಪ್‌ಸೆಟ್ ರಿಪೇರಿ ಮಾಡಿ ಪಳಗಿದ ಕೈ. ಅದಕ್ಕೂ ಮೊದಲು ಬೇರೆ ಕಡೆ ತೋರಿಸಿದ್ದಾಗ ಸುಲಭದ ಉಪಾಯ ಹೇಳಿದ್ದರು: ಬೀಗ ಕೂರುವ ಪ್ಲೇಟನ್ನು ಕೆಳಗೆ ಸರಿಸಿಬಿಡೋಣ, ಬಾಗಿಲು ಮುಚ್ಚುತ್ತೆ. ಲೇತ್‌ನವರು ಆ ಪ್ಲೇಟ್ ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ಪ್ಲೇಟಿನ ಹಿಂದೆ ಕಂಬದ ಬಣ್ಣದಲ್ಲಿ ಹಳೇ ಅಚ್ಚು ಸ್ಪಷ್ಟವಾಗಿತ್ತು. ಅದರ ಕೆಳಗೆ ಇನ್ನೊಂದು ಅಚ್ಚು. ಅಂದರೆ ನಮ್ಮ ಕೈಗೆ ಬರುವ ಮೊದಲೇ ಯಾರೋ ಈ ಉಪಾಯ ಮಾಡಿದ್ದರು.

"ಅಣ್ಣಾ, ಇವರು ಬಾಗಿಲು ಎತ್ತಿಲ್ಲ, ಪ್ಲೇಟ್ ಇಳಿಸಿದ್ದಾರೆ ಅಷ್ಟೆ. ಇನ್ನೂ ಎಷ್ಟು ಇಳಿಸ್ತೀರಿ?" ಅಂದರು.

ಆ ಮಾತು ನೂರಕ್ಕೆ ನೂರು ಸತ್ಯ. ಪ್ಲೇಟ್ ಸರಿಸಿದರೆ ಬೀಗ ಕೂರುತ್ತೆ, ಆದರೆ ಹಿಂಜ್ ಸವೆಯುವುದು ನಿಲ್ಲಲ್ಲ. ಬೀಡಿಂಗ್ ಸೋರುವುದೂ ನಿಲ್ಲಲ್ಲ.

ಅವರು ಮಾಡಿದ ಕ್ರಮ ನನಗೆ ತುಂಬಾ ಹಿಡಿಸಿತು. ಹಿಂದಿನ ದಿನವೇ ಹಿಂಜ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಟ್ಟರು. ಮಾರನೇ ದಿನ ಸುತ್ತಲಿನ ಬಣ್ಣಕ್ಕೆ ಟೇಪ್ ಅಂಟಿಸಿದರು. ಬಾಗಿಲಿನ ಕೆಳಗೆ ಜಾಕಿ, ಅದರ ಮೇಲೆ ಹಲಗೆ, ಹಲಗೆ ಮೇಲೆ ಗೋಣಿತಾಟು ಮಡಚಿಟ್ಟು ಭಾರ ಹೊರಿಸಿದರು. ಚೆಕ್ ಸ್ಟ್ರಾಪ್ ಬಿಡಿಸಿದರು. ಆಮೇಲೆ ಮೇಲಿನ ಪಿನ್ ಒಂದನ್ನೇ ಕೆಳಗಿನಿಂದ ಪಂಚ್ ಇಟ್ಟು ಹೊಡೆದು ತೆಗೆದರು. ಕೆಳಗಿನ ಹಿಂಜ್ ಮುಟ್ಟಲೇ ಇಲ್ಲ. ಹೀಗೆ ಒಂದೊಂದಾಗಿ ಮಾಡಿದರೆ ಬಾಗಿಲಿನ ಜೋಡಣೆ ಜಾಗ ಬಿಟ್ಟು ಕದಲುವುದಿಲ್ಲ. ಎರಡನ್ನೂ ಒಟ್ಟಿಗೆ ತೆಗೆದು ಬಾಗಿಲು ಇಳಿಸಿಟ್ಟರೆ ಮತ್ತೆ ಸಂದು ಹೊಂದಿಸುವುದೇ ದೊಡ್ಡ ಕೆಲಸ.

ಹೊರಬಂದ ಪಿನ್ ಕೈಯಲ್ಲಿ ಹಿಡಿದು ನೋಡಿದೆ. ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು, ಮುಟ್ಟಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. ಇನ್ನೊಂದು ಬದಿಯಲ್ಲಿ ಒಣಗಿದ ಹಳೇ ಗ್ರೀಸು, ಕೆಂಪು ಮಣ್ಣು ಸೇರಿ ಕರಿ ಹಿಟ್ಟು. ಎಣ್ಣೆ ಆ ಕಡೆಗೆ ಹೋಗಿ ಎಷ್ಟು ವರ್ಷ ಆಗಿತ್ತೋ.

ರೀಮರ್ ಕೆಲಸ ಇಲ್ಲಿನ ಜೀವಾಳ. ಹಿಂಜ್‌ನ ಒಂದು ಭಾಗ ಪಿನ್ನನ್ನು ಬಿಗಿಯಾಗಿ ಹಿಡಿಯಬೇಕು, ಇನ್ನೊಂದು ಭಾಗದಲ್ಲಿ ಪಿನ್ ಸಲೀಸಾಗಿ ತಿರುಗಬೇಕು. ಎಲ್ಲ ತೂತನ್ನೂ ಒಂದೇ ಅಳತೆಗೆ ಕೊರೆದರೆ ಕಚ್ಚಿ ಹಿಡಿಯುವ ಜಾಗವೇ ಉಳಿಯಲ್ಲ. ಪಿನ್ ಬಾಗಿಲಿನ ಜೊತೆ ತಿರುಗುತ್ತಾ ಮೆಲ್ಲಗೆ ಮೇಲೆ ಬರುತ್ತದೆ. ಇವರು ಕೈ ರೀಮರ್ ಹಾಕಿ, ಎಣ್ಣೆ ಬಿಟ್ಟುಕೊಂಡು, ಒಂದೊಂದು ಸುತ್ತಿಗೂ ಪುಡಿ ಒರೆಸಿ, ಪಿನ್ ಇಳಿಸಿ ನೋಡುತ್ತಿದ್ದರು. ಡ್ರಿಲ್ ಮೆಷಿನ್ ಮುಟ್ಟಲಿಲ್ಲ. ಡ್ರಿಲ್‌ನ ಮೊನೆ ಸವೆದ ಕಡೆಗೇ ಜಾರುತ್ತೆ, ತೂತು ಇನ್ನೂ ಸೊಟ್ಟ ಆಗುತ್ತೆ. ಕೆಳಗಿನ ಹಿಂಜ್‌ನಲ್ಲಿ ಸುತ್ತಿಗೆ ಬೀಸಲು ಜಾಗ ಕಡಿಮೆ. ಅದಕ್ಕೆ ಸಿ ಕ್ಲಾಂಪಿಗೆ ಒಂದು ಕೊಳವೆ ತುಂಡು ಸೇರಿಸಿ ಒತ್ತಿ ತೆಗೆದರು. ನಿಮ್ಮ ಮೆಕ್ಯಾನಿಕ್ ಈ ಕೆಲಸಕ್ಕೆ ಡ್ರಿಲ್ ಎತ್ತಿಕೊಂಡರೆ ದಯವಿಟ್ಟು ತಡೆಯಿರಿ.

ಪಿನ್ ಕೂತ ಮೇಲೆ ಬೀಗದ ಪ್ಲೇಟ್ ವಾಪಸ್ ಹಳೇ ಅಚ್ಚಿನ ಜಾಗಕ್ಕೆ ಹೋಯಿತು. ಕ್ರೋಮ್ ಪಟ್ಟಿ ಒಂದೇ ಗೆರೆಗೆ ಬಂತು.

ಈಗ ವರ್ಷಗಳ ಮೇಲಿನ ಮಾತು. ಎಡಬಾಗಿಲು ಅಷ್ಟು ಸವೆದಿರಲಿಲ್ಲ. ಅದಕ್ಕೆ ಅದೇ ಸಮಯದಲ್ಲಿ ಲೇತ್‌ನಲ್ಲೇ ಸಾದಾ ಮೈಲ್ಡ್ ಸ್ಟೀಲ್ ಸರಳಿನಿಂದ ಪಿನ್ ತಿರುಗಿಸಿ ಹಾಕಿಸಿದೆವು. ಹಾಗಾಗಿ ಒಂದೇ ಕಾರಿನಲ್ಲಿ ಎರಡು ಬಗೆ ಪಿನ್, ಒಂದೇ ಮಳೆ, ಒಂದೇ ರಸ್ತೆ. ಬಲಬಾಗಿಲನ್ನು ದಿನಾ ಬಳಸುತ್ತೇವೆ, ಮಾವನವರೂ ಈಗ ಆ ಕಡೆಯಿಂದಲೇ ಹಿಂದಿನ ಸೀಟಿಗೆ ಹತ್ತುತ್ತಾರೆ. ಅದನ್ನು ಎತ್ತಿ ನೋಡಿದರೆ ಇವತ್ತಿಗೂ ಆಟ ಇಲ್ಲ. ಎಡಬಾಗಿಲಿನ ಬಳಕೆ ಕಡಿಮೆ, ಆದರೂ ಮೇಲಿನ ಹಿಂಜ್‌ನಲ್ಲಿ ಕೈಗೆ ಗೊತ್ತಾಗುವಷ್ಟು ಆಟ ಶುರುವಾಗಿದೆ. ಗಟ್ಟಿ ಮಾಡಿದ ಉಕ್ಕಿಗೂ ಸಾದಾ ಉಕ್ಕಿಗೂ ಇರುವ ವ್ಯತ್ಯಾಸ ಇದು. ಪಿನ್ನಿಗೆ ನಾನು ಪೂರ್ತಿ ಮಾರ್ಕು ಕೊಡಲು ಇದೇ ಕಾರಣ.

ನೀರು ಬರುವುದು ನಿಂತಿದೆ. ಬೀಡಿಂಗ್ ಬದಲಿಸಲಿಲ್ಲ, ಹಳೆಯದೇ ಸಾಕಾಯಿತು. ಮಡಿಕೇರಿ ಘಾಟಿನಲ್ಲಿ ಬಾಗಿಲಿನ ಸಂದಿನಿಂದ ಬರುತ್ತಿದ್ದ ಸಿಳ್ಳೆ ಸದ್ದೂ ಹೋಯಿತು.

ಕೊರತೆಗಳೂ ಇವೆ. ಪೊಟ್ಟಣದ ಮೇಲೆ ಪಿನ್ ಎಷ್ಟು ದಪ್ಪ ಅಂತ ಬರೆದಿರಲಿಲ್ಲ. ಇದು ಸಣ್ಣ ತಪ್ಪಲ್ಲ, ರೀಮರ್ ಆರಿಸುವುದೇ ಆ ಅಳತೆ ಮೇಲೆ. ವರ್ನಿಯರ್ ಹಿಡಿದು ನಾವೇ ಅಳೆಯಬೇಕಾಯಿತು. ಹೇಗೆ ಹಾಕಬೇಕು ಅನ್ನುವ ಚೀಟಿಯೂ ಇಲ್ಲ. ಹಿಂಜ್ ತಲೆಯ ಎಣ್ಣೆ ತೂತಿಗೆ ಮುಚ್ಚುವ ಸಣ್ಣ ಪ್ಲಾಸ್ಟಿಕ್ ಬಿರಡೆ ನನಗೆ ಬಂದ ಸೆಟ್‌ನಲ್ಲಿ ಇರಲಿಲ್ಲ, ಬೇರೆ ತಗೋಬೇಕಾಯಿತು. ಅದಿಲ್ಲದಿದ್ದರೆ ನಮ್ಮ ಮಳೆಗೆ ನೀರು ನೇರ ಪಿನ್ ಮೇಲೆ ಇಳಿಯುತ್ತೆ. ವ್ಯಾಪಾರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕಪ್ಪು ಲೇಪವೂ ನಮ್ಮ ಹವೆಗೆ ಸಾಲದು. ಮೊದಲ ಮಳೆಗಾಲದಲ್ಲೇ ಪಿನ್ನಿನ ತಲೆ ಕೆಂಪಾಯಿತು. ಒರೆಸಿ, ಕಾರಿನ ಬಣ್ಣವನ್ನೇ ಒಂದು ಹನಿ ಹಚ್ಚಿದೆ. ಆಮೇಲೆ ತೊಂದರೆ ಇಲ್ಲ.

ಎಣ್ಣೆ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹೊರಗೆ ದಪ್ಪ ಗ್ರೀಸ್ ಮೆತ್ತಬೇಡಿ. ಬೇಸಿಗೆಯಲ್ಲಿ ತೋಟದ ರಸ್ತೆಯ ಕೆಂಪು ಧೂಳು ಅದಕ್ಕೆ ಅಂಟಿ ಅರೆಯುತ್ತದೆ. ಎಂಜಿನ್ ಆಯಿಲ್ ಎರಡು ಹನಿ, ಬಿರಡೆ ತೆಗೆದು ಬಿಟ್ಟು, ಬಾಗಿಲು ನಾಲ್ಕಾರು ಸಲ ಆಡಿಸಿ, ಹೊರಬಂದದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಒಂದು ಸಲ, ಮಳೆಗಾಲ ಮುಗಿದು ಕಾವೇರಿ ಸಂಕ್ರಮಣದ ಹೊತ್ತಿಗೆ ಇನ್ನೊಂದು ಸಲ ಮಾಡುತ್ತೇನೆ. ಜಡಿ ಮಳೆಯಲ್ಲಿ ಓಡಾಟ ಜಾಸ್ತಿ ಇದ್ದರೆ ನಡುವೆಯೂ ಬಿಡುತ್ತೇನೆ. ಚೆಕ್ ಸ್ಟ್ರಾಪ್‌ನ ರಬ್ಬರ್ ಸವೆದಿದ್ದರೆ ಅದನ್ನೂ ಪಿನ್ ಜೊತೆಗೇ ಬದಲಿಸಿ. ಇಳಿಜಾರಿನ ಹೊಡೆತ ಮೊದಲು ತಡೆಯುವುದು ಅದೇ.

ಒಂದು ವರ್ಗದವರಿಗೆ ಮಾತ್ರ ಈ ಸೆಟ್ ಬೇಡ ಅನ್ನುತ್ತೇನೆ. ಕಾರಿನ ಪ್ರತಿ ಸಾಮಾನೂ ಕಾರ್ಖಾನೆ ಅಳತೆಯಲ್ಲೇ ಇರಬೇಕು ಅನ್ನುವವರು ಹಿಂಜನ್ನೇ ಬದಲಿಸಲಿ. ಆಗ ಕಂಬದ ಕಡೆಯ ಸ್ಕ್ರೂ ಬಿಚ್ಚಬೇಕು, ಅವು ಕಲ್ಲಿನಷ್ಟು ಬಿಗಿ ಇರುತ್ತವೆ. ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇಲ್ಲದೆ ಕೈ ಹಾಕಬೇಡಿ, ತಲೆ ಸವೆದುಹೋದರೆ ಕೊರೆದೇ ತೆಗೆಯಬೇಕಾಗುತ್ತದೆ.

ಎಡಬಾಗಿಲಿಗೂ ಈಗ ಇದೇ ಸೆಟ್ ತರಿಸಿದ್ದೇನೆ, ಈ ಸಲ ಬೇರೆ ವ್ಯಾಪಾರಿಯಿಂದ. ಬಿರಡೆ ಸಮೇತ ಬಂತು, ಅಳತೆಯನ್ನೂ ಪೊಟ್ಟಣದ ಮೇಲೆ ಬರೆದಿದ್ದಾರೆ. ಕಾಫಿ ಕೊಯ್ಲು ಮುಗಿದು ಲೇತ್‌ನವರಿಗೆ ಪಲ್ಪರ್ ಕೆಲಸ ಕಡಿಮೆಯಾದ ಮೇಲೆ ಗೋಣಿಕೊಪ್ಪಕ್ಕೆ ಕಾರು ಬಿಡುತ್ತೇನೆ. ಸಾದಾ ಉಕ್ಕಿನ ಪಿನ್ ಹೊರಬಂದಾಗ ಎಷ್ಟು ಸವೆದಿದೆ ಅಂತ ಅಳೆದು, ಇಲ್ಲೇ ಕೆಳಗೆ ಸೇರಿಸುತ್ತೇನೆ.