ನೆಟ್‌ನಲ್ಲಿ ಮೋರ್ಸ್ ಅಭ್ಯಾಸ: ವೇಲ್ ತೆರೆಯಿರಿ, ಬ್ಲೂಟೂತ್ ತೆಗೆದಿಡಿ

ಇಂಟರ್‌ನೆಟ್‌ನಲ್ಲಿ ಇನ್ನೊಬ್ಬರ ಜೊತೆ ಕೂತು ಮೋರ್ಸ್ (ಗಿಡ್ಡ, ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ತಂತಿ ಲಿಪಿ) ಬಡಿಯಬೇಕು ಅಂದರೆ ನನ್ನ ಆಯ್ಕೆ ವೇಲ್ ಅನ್ನುವ ತಾಣ. ಉಳಿದವನ್ನೂ ಬಳಸಿ ನೋಡಿದ್ದೇನೆ: ವೀಡಿಯೊ ಕಾಲ್, ಸಿಡಬ್ಲ್ಯೂಕಾಮ್, ಮೋರ್ಸ್‌ಕೆಒಬಿ, ವಿಬ್ಯಾಂಡ್. ಕೆಲವು ಚೆನ್ನಾಗಿಯೇ ಇವೆ. ಆದರೆ ನನ್ನದು ಹಳೇ ಲಿನಕ್ಸ್ ಲ್ಯಾಪ್‌ಟಾಪ್. ಜೊತೆಗಾರರು ಸಿರ್ಸಿ ಹತ್ತಿರದ ನಮ್ಮ ಭಾವ, ಅವರ ಮನೆಯ ನೆಟ್ ಮಳೆಯ ಮರ್ಜಿ ನೋಡಿಕೊಂಡು ಬರುತ್ತದೆ, ಹೋಗುತ್ತದೆ. ಖರ್ಚಿಗೆ ಮನೆಯಲ್ಲಿ ಮಂಜೂರಾದದ್ದು ಸಾವಿರ ರೂಪಾಯಿಯೊಳಗೆ. ಈ ಮೂರು ನಿಮಗೆ ಅನ್ವಯಿಸದಿದ್ದರೆ ನನ್ನ ತೀರ್ಪೂ ಅನ್ವಯಿಸದೆ ಇರಬಹುದು.

ರೇಡಿಯೊ ಬಿಟ್ಟು ನೆಟ್ ಯಾಕೆ ಅಂತ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ಕೇಳುತ್ತಾರೆ. 40 ಮೀಟರ್ ಬ್ಯಾಂಡಿಗೆ ಒಂದು ಸಾದಾ ಡೈಪೋಲ್ ಆಂಟೆನಾ ಕಟ್ಟಲು ಸುಮಾರು 20 ಮೀಟರ್ ತಂತಿ ಎಳೆಯಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಣಗಿಸಲು ಹಗ್ಗ ಕಟ್ಟಿದರೇ ನೋಟಿಸ್ ಬರುತ್ತದೆ. ನನ್ನ ಹ್ಯಾಮ್ ಲೈಸೆನ್ಸ್ ಕೆಳಗಿನ ದರ್ಜೆಯದು, ರಿಸ್ಟ್ರಿಕ್ಟೆಡ್ ಗ್ರೇಡ್, ವಿಯು3 ಕಾಲ್‌ಸೈನ್. ಜನರಲ್ ಗ್ರೇಡಿಗೆ ಹೋಗಬೇಕು ಅಂತ ನಿಮಿಷಕ್ಕೆ 8 ಪದದ ಮೋರ್ಸ್ ಪರೀಕ್ಷೆ ಗುರಿಯಾಗಿಟ್ಟುಕೊಂಡು ಶುರು ಮಾಡಿದ್ದು. ಭಾವನಿಗೆ ಲೈಸೆನ್ಸೇ ಇಲ್ಲ. ನೆಟ್‌ನಲ್ಲಿ ಬಡಿಯಲು ಅದು ಬೇಕೂ ಇಲ್ಲ ಅನ್ನುವುದು ದೊಡ್ಡ ಅನುಕೂಲ.

ಅಕ್ಷರ ಕಲಿಯುವುದಷ್ಟೇ ಆಗಿದ್ದರೆ ಎಲ್‌ಸಿಡಬ್ಲ್ಯೂಒ ಸಾಕು. ಜರ್ಮನಿಯ ಫೇಬಿಯನ್ ಕುರ್ಟ್ಸ್ 2008ರಲ್ಲಿ ಶುರು ಮಾಡಿದ ತಾಣ, ಪೂರ್ತಿ ಉಚಿತ. ಕಾಖ್ ಪದ್ಧತಿಯಲ್ಲಿ ಕೆ ಮತ್ತು ಎಂ ಅಕ್ಷರಗಳಿಂದ ಹಿಡಿದು ಒಂದೊಂದೇ ಸೇರಿಸುತ್ತಾ ಹೋಗುತ್ತದೆ. ಆದರೆ ಅಲ್ಲಿ ಬಡಿಯುವುದು ಯಂತ್ರ. ಡಿಟ್ (ಗಿಡ್ಡ ಸದ್ದು) ಎಂದರೆ ಡಿಟ್, ಡಾ (ಉದ್ದ ಸದ್ದು) ಎಂದರೆ ಅದರ ಸರಿಯಾಗಿ ಮೂರು ಪಾಲು. ಮನುಷ್ಯರು ಹಾಗೆ ಬಡಿಯುವುದಿಲ್ಲ, ಅಲ್ವಾ? ಯೋಚಿಸುತ್ತಾ ನಿಲ್ಲುತ್ತಾರೆ, ತಮ್ಮ ಹೆಸರು ಬಂದಾಗ ಓಡುತ್ತಾರೆ. ಅದನ್ನು ಕೇಳಿ ಅಭ್ಯಾಸ ಆಗಬೇಕಾದರೆ ಆ ಕಡೆ ಒಬ್ಬ ಮನುಷ್ಯ ಇರಲೇಬೇಕು.

ಎಲ್ಲರೂ ಮೊದಲು ಮಾಡುವುದು ವೀಡಿಯೊ ಕಾಲ್. ಬಜರ್ ಅನ್ನು ಫೋನಿನ ಮೈಕಿಗೆ ಹಿಡಿದು ಬಡಿದರೆ ಆಯಿತಲ್ಲ ಅಂತ. ಆಗುವುದಿಲ್ಲ. ಕಾಲ್ ಆ್ಯಪ್‌ಗಳು ಮಾತಿಗೆಂದೇ ಮಾಡಿದವು. ಒಂದೇ ಸ್ವರದಲ್ಲಿ ಎಳೆಯುವ ಸದ್ದು ಕೇಳಿದರೆ ಅದು ಫ್ಯಾನೋ ಮಿಕ್ಸಿಯೋ ಇರಬೇಕು ಅಂದುಕೊಂಡು ಅದುಮಿಬಿಡುತ್ತವೆ. ಡಾ ಶುರುವಾಗುತ್ತದೆ, ಅರ್ಧಕ್ಕೇ ಕರಗುತ್ತದೆ. ಆ ಕಡೆಯವರಿಗೆ ಡಿಟ್ ಕೇಳುತ್ತದೆ. ‘ಟಿ’ ಕಳಿಸಿದರೆ ‘ಇ’, ‘ಎಂ’ ಕಳಿಸಿದರೆ ‘ಐ’. ಕೆಲವು ಆ್ಯಪ್‌ಗಳಲ್ಲಿ ಸಂಗೀತಗಾರರಿಗೆಂದು ಮೂಲ ಸದ್ದನ್ನು ಹಾಗೇ ಬಿಡುವ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಪರವಾಗಿಲ್ಲ. ಸಿಡಬ್ಲ್ಯೂಆಪ್ಸ್ ಅನ್ನುವ ಮೋರ್ಸ್ ಕ್ಲಬ್ಬಿನ ಸಿಡಬ್ಲ್ಯೂ ಅಕಾಡೆಮಿ ಹೀಗೆ ವೀಡಿಯೊ ಕಾಲ್‌ನಲ್ಲೇ ಉಚಿತವಾಗಿ ತರಗತಿ ನಡೆಸುತ್ತದೆ. ಕಲಿಸಲು ಒಬ್ಬರು ಎದುರಿಗೆ ಕೂತಿದ್ದರೆ ಈ ದಾರಿಗೂ ಅರ್ಥ ಇದೆ. ಇಬ್ಬರೇ ಕೂತು ಹರಟಲು ಮಾತ್ರ ಬೇಡ.

ಉಳಿದ ನಾಲ್ಕೂ ಸದ್ದನ್ನು ಕಳಿಸುವುದೇ ಇಲ್ಲ. ಕೀ (ಮೋರ್ಸ್ ಬಡಿಯುವ ಸ್ವಿಚ್ಚು) ಯಾವಾಗ ಒತ್ತಿದಿರಿ, ಎಷ್ಟು ಹೊತ್ತು ಒತ್ತಿ ಹಿಡಿದಿರಿ, ಇಷ್ಟೇ ಮಾಹಿತಿ ಹೋಗುತ್ತದೆ. ಆ ಕಡೆಯ ಕಂಪ್ಯೂಟರ್ ಅದನ್ನು ನೋಡಿ ತಾನೇ ಸ್ವರ ನುಡಿಸುತ್ತದೆ. ಕರಗುವ ಡಾಗಳ ಕಾಟ ಇಲ್ಲಿಗೆ ಮುಗಿಯಿತು.

ಸಿಡಬ್ಲ್ಯೂಕಾಮ್ ಇವುಗಳಲ್ಲಿ ಹಳಬ. ವಿಂಡೋಸ್ ಪ್ರೋಗ್ರಾಂ. ಚಾನೆಲ್ ನಂಬರ್ ಹಾಕಿ ಒಳಗೆ ಹೋದರೆ ಅಲ್ಲಿರುವವರು ಕೇಳುತ್ತಾರೆ. ಕೀಯನ್ನು ಸೀರಿಯಲ್ ಪೋರ್ಟಿಗೆ ಜೋಡಿಸುವ ಕಾಲದ್ದು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಎಲ್ಲಿಂದ ತರೋಣ? ಅದರ ಬಂಧು ಮೋರ್ಸ್‌ಕೆಒಬಿ, ಲೆಸ್ ಕೆರ್ ಅವರದು. ಇದರ ರುಚಿಯೇ ಬೇರೆ. ತಾರ್ ಆಫೀಸಿನ ಸೌಂಡರ್ ಟಕ್ ಟಕ್ ಅನ್ನುತ್ತಿತ್ತಲ್ಲ, ಆ ಸದ್ದನ್ನೇ ಕೇಳಿಸುತ್ತದೆ. ಅಮೆರಿಕದ ರೈಲ್ವೆಯವರು ಬಳಸುತ್ತಿದ್ದ ಹಳೇ ಮೋರ್ಸ್ ಲಿಪಿಯೂ ಇದೆ, ನಾವು ಕಲಿಯುವ ಅಂತರರಾಷ್ಟ್ರೀಯ ಲಿಪಿಯೂ ಇದೆ. ಪೈಥಾನ್‌ನಲ್ಲಿ ಬರೆದ ಆವೃತ್ತಿ ಇರುವುದರಿಂದ ಲಿನಕ್ಸಿನಲ್ಲೂ ಓಡುತ್ತದೆ. ನಮ್ಮಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತಿತು. ಆ ಕೆಲಸ ಮಾಡಿ ನಿವೃತ್ತರಾದವರು ಮನೆಯಲ್ಲಿದ್ದರೆ ಒಮ್ಮೆ ಇದನ್ನು ಕೇಳಿಸಿ. ನನಗೆ ದಿನದ ಅಭ್ಯಾಸಕ್ಕೆ ಬೇಕಾದದ್ದು ಪೀಂ ಪೀಂ ಸ್ವರ, ಹಾಗಾಗಿ ಇದು ಭಾನುವಾರದ ಆಟವಾಗಿ ಉಳಿಯಿತು.

ವಿಬ್ಯಾಂಡ್‌ಗೆ ಬ್ರೌಸರ್ ಒಂದಿದ್ದರೆ ಸಾಕು. ಹೆಸರು ಹಾಕಿ, ಚಾನೆಲ್ ಆರಿಸಿ, ಬಡಿಯಿರಿ. ಅವರದೇ ಒಂದು ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಅದಕ್ಕೆ ಪ್ಯಾಡಲ್ (ಡಿಟ್‌ಗೊಂದು, ಡಾಗೊಂದು ಹಿಡಿ ಇರುವ ಕೀ) ಚುಚ್ಚಿದರೆ ಕಂಪ್ಯೂಟರಿಗೆ ಕೀಬೋರ್ಡಿನ ಎಡ ಮತ್ತು ಬಲ ಕಂಟ್ರೋಲ್ ಕೀ ಒತ್ತಿದ ಹಾಗೆ ಕಾಣುತ್ತದೆ. ಸೋಲ್ಡರಿಂಗ್ ಕಬ್ಬಿಣ ಮುಟ್ಟಲು ಇಷ್ಟವಿಲ್ಲದವರಿಗೆ ಇದಕ್ಕಿಂತ ಸುಲಭ ಇಲ್ಲ. ಆದರೆ ಅಡಾಪ್ಟರ್ ಅಮೆರಿಕದಿಂದ ಬರಬೇಕು. ಅಂಚೆ ವೆಚ್ಚ, ಕಸ್ಟಮ್ಸ್ ಸೇರಿಸಿ ನೋಡಿದರೆ ನನ್ನ ಸಾವಿರ ರೂಪಾಯಿ ಎಲ್ಲಿಗೂ ಸಾಲದು. ಇನ್ನೊಂದು: ಬಲಗೈ ಪ್ಯಾಡಲ್ ಮೇಲಿದ್ದಾಗ ಎಡಗೈಯಿಂದ ಏನೋ ಟೈಪ್ ಮಾಡಲು ಹೋಗಬೇಡಿ. ಕಂಟ್ರೋಲ್ ಜೊತೆ ಡಬ್ಲ್ಯೂ ಸೇರಿದರೆ ಬ್ರೌಸರ್ ಆ ಟ್ಯಾಬನ್ನೇ ಮುಚ್ಚುತ್ತದೆ. ಅದು ಬ್ರೌಸರಿನ ಧರ್ಮ.

ವೇಲ್ ಕೂಡ ಬ್ರೌಸರಿನಲ್ಲೇ. ನೀಲ್ ಪಿಕೆಟ್ ಬರೆದದ್ದು, ಕೋಡ್ ಎಲ್ಲರಿಗೂ ತೆರೆದಿದೆ. (ಮೋರ್ಸ್ ಜೊತೆಗೆ ದುಡಿದ ಆಲ್ಫ್ರೆಡ್ ವೇಲ್ ನೆನಪಿದ್ದಾರಾ? 1844ರ ಮೇ 24ರಂದು ವಾಷಿಂಗ್ಟನ್‌ನಿಂದ ಬಂದ ಸಂದೇಶವನ್ನು ಬಾಲ್ಟಿಮೋರ್‌ನಲ್ಲಿ ಕೂತು ಪಡೆದವರು.) ಹೆಸರೊಂದನ್ನು ಕೊಟ್ಟು ನಮ್ಮದೇ ಕೋಣೆ ಮಾಡಿಕೊಳ್ಳಬಹುದು. ಭಾವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೆ ಮುಗಿಯಿತು.

ನಾನು ಇದಕ್ಕೆ ಸೋತದ್ದು ಒಂದು ಸಂಗತಿಗೆ. ಕೇಳುವ ಕಡೆ ಎಷ್ಟು ತಡವಾಗಿ ನುಡಿಸಬೇಕು ಅಂತ ನಾವೇ ಹೇಳಬಹುದು. ಸಿರ್ಸಿ ಕಡೆಯ ನೆಟ್‌ನಲ್ಲಿ ಮಾಹಿತಿ ಒಂದೇ ಸಮ ಬರುವುದಿಲ್ಲ. ಒಂದಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಎಲ್ಲ ಒಟ್ಟಿಗೆ. ವೇಲ್ ಇಲ್ಲಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೆಲಸ ಮಾಡುತ್ತದೆ. ಬಸ್ಸು ಯಾವಾಗ ಬಂದು ನಿಂತಿತು ಅನ್ನುವುದನ್ನು ನೋಡುವುದಿಲ್ಲ, ಬೋರ್ಡಿನಲ್ಲಿರುವ ಟೈಮಿಗೇ ಬಿಡುತ್ತದೆ. ಎರಡು ಮೂರು ಸೆಕೆಂಡ್ ತಡ ಇಟ್ಟರೆ ಭಾವನ ಡಿಟ್‌ಗಳು ಅವರು ಬಡಿದ ಲಯದಲ್ಲೇ ಬರುತ್ತವೆ. ಮೋರ್ಸ್‌ನಲ್ಲಿ ಲಯ ಕೆಟ್ಟರೆ ಅಕ್ಷರವೇ ಕೆಟ್ಟ ಹಾಗೆ. ಇದಕ್ಕೆ ತೆರುವ ಬೆಲೆ, ನಡುವೆ ಬಾಯಿ ಹಾಕಲು ಆಗದಿರುವುದು. ‘ತಡಿ, ಮತ್ತೊಮ್ಮೆ ಹೇಳು’ ಅಂತ ತಕ್ಷಣ ತಡೆಯಲು ಆಗುವುದಿಲ್ಲ. ಅವರು ‘ಕೆ’ ಹೊಡೆದು ಬಿಟ್ಟುಕೊಡುವವರೆಗೆ ಕಾಯಬೇಕು. ಭಾವನ ಮಾತಿಗೆ ಅಡ್ಡ ಬರುವ ಅಭ್ಯಾಸ ನನಗೆ ಮೊದಲೂ ಇರಲಿಲ್ಲ ಬಿಡಿ.

ಖರ್ಚು? ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್, ಒಂದು 3.5 ಎಂಎಂ ಸಾಕೆಟ್, ಎರಡು ತುಂಡು ವೈರ್. ಎಲ್ಲ ಸೇರಿ ಏಳು ನೂರರ ಆಸುಪಾಸು. ವೇಲ್ ಅಡಾಪ್ಟರಿನ ಕೋಡ್ ಪುಕ್ಕಟೆ ಸಿಗುತ್ತದೆ. ಬೋರ್ಡಿಗೆ ಅದನ್ನು ಹಾಕಿದರೆ ಕಂಪ್ಯೂಟರಿಗೆ ಅದೊಂದು ಮಿಡಿ ವಾದ್ಯದಂತೆ (ಕಂಪ್ಯೂಟರಿಗೆ ಜೋಡಿಸುವ ಸಂಗೀತದ ಕೀಬೋರ್ಡಿನ ಹಾಗೆ) ಕಾಣುತ್ತದೆ. ಕ್ರೋಮ್‌ನಲ್ಲಿ ಸಲೀಸು. ಐಫೋನಿನ ಸಫಾರಿಯಲ್ಲಿ ಮಿಡಿ ಇಲ್ಲ, ಅಲ್ಲಿ ಪರದೆಯ ಮೇಲಿನ ಗುಂಡಿಯನ್ನೇ ಒತ್ತಬೇಕು.

ಭಾವನ ಸೆಟ್ಟಿಂಗ್ ಇನ್ನೂ ಅಗ್ಗ. ಕೆಟ್ಟು ಬಿದ್ದಿದ್ದ ಯುಎಸ್‌ಬಿ ಮೌಸ್ ಬಿಚ್ಚಿ, ಎಡ ಗುಂಡಿಯ ಸ್ವಿಚ್ಚಿನ ಎರಡು ಕಾಲಿಗೆ ವೈರ್ ಬೆಸೆದು, ಸ್ಟ್ರೇಟ್ ಕೀಗೆ (ಒಂದೇ ಹಿಡಿಯ ಹಳೇ ಮಾದರಿಯ ಕೀ) ಕೊಟ್ಟಿದ್ದಾರೆ. ಮೌಸ್‌ನ ಹೊಟ್ಟೆಯ ಕೆಂಪು ಬೆಳಕಿಗೆ ಕಪ್ಪು ಟೇಪ್. ಇಲ್ಲದಿದ್ದರೆ ಮೇಜು ಅಲುಗಿದಾಗ ಬಾಣ ಪರದೆಯ ಗುಂಡಿಯಿಂದ ಆಚೆ ಸರಿಯುತ್ತದೆ.

ಈಗ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ರಾತ್ರಿ ಮಕ್ಕಳು ಮಲಗಿದ ಮೇಲೆ ನನ್ನ ಅಭ್ಯಾಸ. ಸ್ಪೀಕರ್ ಹಾಕುವ ಹಾಗಿಲ್ಲ. ಮನೆಯಲ್ಲಿ ಆಫೀಸ್ ಕಾಲ್‌ಗೆಂದು ಇದ್ದ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಕೂತೆ. ನೆಟ್ ಸರಿ ಇದೆ, ಪ್ಯಾಡಲ್ ಸರಿ ಇದೆ, ಬಡಿದದ್ದೆಲ್ಲ ತಪ್ಪು. ಮೂರು ಡಿಟ್‌ನ ‘ಎಸ್’ ಬಡಿಯಲು ಹೋದರೆ ನಾಲ್ಕರ ‘ಎಚ್’ ಆಗುತ್ತದೆ, ‘ಎಚ್’ ಬಡಿಯಲು ಹೋದರೆ ಐದು ಡಿಟ್‌ನ ಅಂಕಿ 5. ‘ಎಂತ ಮಾರಾಯ, ಕೈ ನಡುಗ್ತಾ ಇದ್ಯಾ?’ ಅಂತ ಭಾವನ ಮೆಸೇಜು.

ಲೆಕ್ಕ ಹಾಕಿದಾಗ ಗೊತ್ತಾಯಿತು. 1200 ಅನ್ನು ವೇಗದಿಂದ (ನಿಮಿಷಕ್ಕೆ ಎಷ್ಟು ಪದ ಅನ್ನುವುದರಿಂದ) ಭಾಗಿಸಿದರೆ ಒಂದು ಡಿಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 8 ಪದದ ವೇಗಕ್ಕೆ 150, 20 ಪದದ ವೇಗಕ್ಕೆ 60. ಮಾಮೂಲಿ ಬ್ಲೂಟೂತ್ ಹೆಡ್‌ಸೆಟ್‌ಗಳಲ್ಲಿ ಸದ್ದು ಕಿವಿಗೆ ಬರಲು 150-200 ಮಿಲಿಸೆಕೆಂಡ್ ಹಿಡಿಯುವುದು ಸಾಮಾನ್ಯ. ಸದ್ದನ್ನು ಒತ್ತಿ ಚಿಕ್ಕದು ಮಾಡಿ, ತುಂಡು ತುಂಡಾಗಿ ಕಳಿಸಿ, ನಡುವೆ ಕಡಿಯದಿರಲಿ ಅಂತ ಒಂದಷ್ಟು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಅಂದರೆ 20 ಪದದ ವೇಗದಲ್ಲಿ ನನ್ನದೇ ಸೈಡ್‌ಟೋನ್ (ನಾನು ಬಡಿದದ್ದು ನನಗೇ ಕೇಳುವ ಸ್ವರ) ಎರಡು ಮೂರು ಡಿಟ್‌ನಷ್ಟು ಹಿಂದೆ. ಪ್ಯಾಡಲ್ ಒತ್ತಿ ಹಿಡಿದರೆ ಡಿಟ್‌ಗಳು ತಾವಾಗಿ ಬರುತ್ತಲೇ ಇರುತ್ತವೆ. ಮೂರನೆಯದು ಕಿವಿಗೆ ಬಿದ್ದಾಗ ಬೆರಳು ಬಿಡುತ್ತದೆ. ಆ ಹೊತ್ತಿಗೆ ನಾಲ್ಕನೆಯದು ಆಗಲೇ ಸಿರ್ಸಿ ದಾರಿ ಹಿಡಿದಿರುತ್ತದೆ.

ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ನಮ್ಮ ಬೆರಳನ್ನು ಯಾರು ತಡ ಮಾಡಿಸುತ್ತಾರೆ? ಹೆಡ್‌ಸೆಟ್‌ನ ಗೇಮ್ ಮೋಡ್ ಹಾಕಿ ನೋಡಿದೆ. ಕಡಿಮೆಯಾಯಿತು, ಆದರೂ 20 ಪದದ ವೇಗಕ್ಕೆ ಸಾಲಲಿಲ್ಲ. ಜೊತೆಗೆ ಇನ್ನೊಂದು ಕಿರಿಕಿರಿ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಹೆಡ್‌ಸೆಟ್ ತೂಕಡಿಸುತ್ತದೆ. ಮತ್ತೆ ಸದ್ದು ಬಂದಾಗ ಮೊದಲ ಡಿಟ್ ನುಂಗಿ ಎಚ್ಚರವಾಗುತ್ತದೆ. ಭಾವ ‘ಎ’ ಕಳಿಸಿದರೆ ನನಗೆ ‘ಟಿ’, ‘ಎಲ್’ ಕಳಿಸಿದರೆ ‘ಡಿ’. ಕಳಿಸುವುದೂ ಕೆಟ್ಟಿತು, ಕೇಳುವುದೂ ಕೆಟ್ಟಿತು. ಈ ತೊಂದರೆ ವೇಲ್‌ಗೆ ಮಾತ್ರ ಅಲ್ಲ, ಕಂಪ್ಯೂಟರ್ ಮೂಲಕ ಸೈಡ್‌ಟೋನ್ ಕೇಳುವ ಯಾವುದಕ್ಕೂ ಇದ್ದದ್ದೇ. ಹಾಗಾಗಿ ಯಾವ ತಾಣವನ್ನೂ ಬ್ಲೂಟೂತ್ ಹಾಕಿಕೊಂಡು ಪರೀಕ್ಷಿಸಿ ಬೈಯಬೇಡಿ.

ಮದ್ದು ನೂರೈವತ್ತು ರೂಪಾಯಿಯ ವೈರ್ ಇಯರ್‌ಫೋನ್. ಅಷ್ಟೇ. ಇನ್ನೂ ಚುರುಕು ಬೇಕಾದರೆ ಬೋರ್ಡಿನ ಮೇಲೇ ಒಂದು ಪುಟಾಣಿ ಬಜರ್ ಕೂರಿಸಿ, ಕಂಪ್ಯೂಟರಿನ ಗೊಡವೆಯಿಲ್ಲದೆ ಅಲ್ಲೇ ಕೇಳಿಸುತ್ತದೆ. ನನ್ನ ಮನೆಯಲ್ಲಿ ಅದಕ್ಕೆ ಅನುಮತಿ ಸಿಕ್ಕಿಲ್ಲ.

ಚಿಲ್ಲರೆ ವಿಷಯಗಳು. ಪುಟ ತೆರೆದ ಮೇಲೆ ಎಲ್ಲಾದರೂ ಒಮ್ಮೆ ಕ್ಲಿಕ್ ಮಾಡಿ, ಇಲ್ಲದಿದ್ದರೆ ಬ್ರೌಸರ್ ಸದ್ದು ಬಿಡುವುದಿಲ್ಲ. ಲ್ಯಾಪ್‌ಟಾಪಿನ ಗಡಿಯಾರ ಸರಿ ಇರಲಿ, ಸಮಯ ನೋಡಿ ನುಡಿಸುವ ವ್ಯವಸ್ಥೆ ಇದು. ಮೊಬೈಲ್ ಪರದೆಯ ಮೇಲೆ ಬಡಿಯುವುದು ಸುಮ್ನೆ ತಮಾಷೆಗೆ ಸರಿ. ದುಡ್ಡಿದ್ದವರಿಗೆ ಮೊರ್ಸೆರಿನೊ-32 ಅನ್ನುವ ಪೆಟ್ಟಿಗೆ ಇದೆ, ಕಲಿಕೆ, ಕೀಯರ್ (ಡಿಟ್, ಡಾಗಳನ್ನು ತಾನೇ ಅಳೆದು ಬಿಡುವ ಸಾಧನ), ವೈಫೈ ಎಲ್ಲ ಒಂದರಲ್ಲೇ. ನಾನು ಅದರ ಬೆಲೆ ನೋಡಿ ಪುಟ ಮುಚ್ಚಿದೆ.

ತಾರ್ ಕಾಲದ ಮೋಹ ಇದ್ದರೆ ಮೋರ್ಸ್‌ಕೆಒಬಿ. ಬೆಸುಗೆ ಬೇಡ, ನೆಟ್ ಗಟ್ಟಿ ಇದೆ, ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ ಅಂದರೆ ವಿಬ್ಯಾಂಡ್. ನನ್ನಂಥವರಿಗೆ ವೇಲ್. ಯಾವುದಕ್ಕೆ ಹೋದರೂ ಹೊತ್ತು ನೋಡಿಕೊಂಡು ಹೋಗಿ. ನಮ್ಮ ರಾತ್ರಿ ಒಂಬತ್ತಕ್ಕೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗಿನ ಕೆಲಸದ ಹೊತ್ತು, ನಾನು ಇಣುಕಿದಾಗೆಲ್ಲ ಸಾರ್ವಜನಿಕ ಕೋಣೆಗಳು ಬಿಕೋ ಅನ್ನುತ್ತಿದ್ದವು. ಬೆಳಿಗ್ಗೆ ಆರೂವರೆಗೆ ಹೋದರೆ ಅವರಿಗೆ ರಾತ್ರಿ ಊಟ ಮುಗಿದಿರುತ್ತದೆ, ಯಾರಾದರೂ ಸಿಕ್ಕೇ ಸಿಗುತ್ತಾರೆ. ‘ಕ್ಯೂಆರ್‌ಎಸ್’ ಅಂತ ಕಳಿಸಿದರೆ ನಿಧಾನ ಮಾಡುತ್ತಾರೆ. ರಾತ್ರಿಯೇ ಆಗಬೇಕು ಅನ್ನುವವರು ಜೊತೆಗಾರರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಿ.