ಮೀನಿನ ತೊಟ್ಟಿಗೆ ತೆಂಗಿನ ಚಿಪ್ಪಿನ ಇದ್ದಿಲು
ಗೋಲ್ಡ್‌ಫಿಶ್‌ನ ಬಾಲ ಕೊಳೆಯುತ್ತಿತ್ತೆಂದು ತೊಟ್ಟಿಗೆ ಟೆಟ್ರಾಸೈಕ್ಲಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ (ಆ್ಯಂಟಿಬಯಾಟಿಕ್) ಹಾಕಿದ್ದೆ. ಮೀನು ಚೇತರಿಸಿಕೊಂಡಿತು, ನೀರು ಮಾತ್ರ ಚಹಾದ ಬಣ್ಣಕ್ಕೆ ತಿರುಗಿತು. ಅದನ್ನು ಹಾಗೇ ಚರಂಡಿಗೆ ಸುರಿಯಲು ಮನಸ್ಸು ಒಪ್ಪಲಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದಾವೆಂಬ ಭಯ.

ಅರ್ಧ ಕೆಜಿ ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲು (ರಂಧ್ರಗಳು ಹೆಚ್ಚುವಂತೆ ಸಂಸ್ಕರಿಸಿದ್ದು) ತಂದೆ. ಒಂದೇ ಗ್ರಾಂನೊಳಗಿನ ಸೂಕ್ಷ್ಮ ರಂಧ್ರಗಳ ಮೈಯೆಲ್ಲ ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರ್! ಔಷಧಿಯ ಅಣುಗಳು ಅಲ್ಲಿ ಹೋಗಿ ಅಂಟಿಕೊಳ್ಳುತ್ತವೆ. ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್‌ನಲ್ಲಿಟ್ಟೆ. ಮೂರನೇ ದಿನಕ್ಕೆ ನೀರು ತಿಳಿಯಾಯಿತು. ಬಣ್ಣ ಹೋಯಿತೆಂದರೆ ಔಷಧಿ ಪೂರ್ತಿ ಹೋಯಿತೆಂದಲ್ಲ, ಅದಕ್ಕೇ ಇನ್ನೆರಡು ದಿನ ಬಿಟ್ಟೆ.

ಪುಡಿ ವಿಪರೀತ. ಆರು ಸಲ ತೊಳೆದರೂ ಕಪ್ಪು ಬಿಡುತ್ತಿತ್ತು. ಜರಡಿ ಹಿಡಿದು ಕೊಡಬೇಕಿತ್ತು. ಚಿಕಿತ್ಸೆ ನಡೆಯುವಾಗ ಮಾತ್ರ ಹಾಕಬೇಡಿ, ಔಷಧಿಯನ್ನೇ ನುಂಗಿಬಿಡುತ್ತದೆ.