1.6 ಮಿಯಾಟಾಗೆ 1.8ರ ಬ್ರೇಕ್: ಒಂದು ವರ್ಷ ಓಡಿಸಿದ ಮೇಲೆ

ನನ್ನದು 1991ರ ಮಾಜ್ದಾ ಮಿಯಾಟಾ, ಎರಡೇ ಸೀಟಿನ ಚಿಕ್ಕ ಓಪನ್ ಕಾರು. ಏಳುವ ಹೆಡ್‌ಲೈಟು, 1.6 ಲೀಟರ್ ಎಂಜಿನ್, ತೂಕ ಒಂದು ಟನ್ನಿಗೂ ಕಡಿಮೆ. ಹೋದ ವರ್ಷ ಇದಕ್ಕೆ 1994ರಿಂದ ಬಂದ 1.8 ಲೀಟರ್ ಮಿಯಾಟಾದ ಬ್ರೇಕು ಹಾಕಿದೆ. ಖರ್ಚು ಹತ್ತಿರಹತ್ತಿರ 450 ಡಾಲರ್, ಕೆಲಸ ಎರಡು ಶನಿವಾರ.

ಹಾಕುವ ಯೋಚನೆ ಬಂದದ್ದು ಮೌಂಟ್ ಹ್ಯಾಮಿಲ್ಟನ್ ಇಳಿಯುವಾಗ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವವರಿಗೆ ಆ ರಸ್ತೆ ಗೊತ್ತು. ಸುಮಾರು 1,280 ಮೀಟರ್ ಎತ್ತರದಲ್ಲಿ ಲಿಕ್ ವೀಕ್ಷಣಾಲಯ, ಅಲ್ಲಿಂದ ಕೆಳಗೆ ತಿರುವಿನ ಮೇಲೆ ತಿರುವು. ಕುದುರೆ ಗಾಡಿಗಳು ಸಾಮಾನು ಹೊತ್ತು ಹತ್ತಲೆಂದು 1876ರಲ್ಲಿ ಮಾಡಿದ ದಾರಿ, ಹಾಗಾಗಿ ಏರು ಕಡಿದಾಗಿಲ್ಲ, ಸುತ್ತು ಮಾತ್ರ ವಿಪರೀತ. ಪ್ರತಿ ತಿರುವಿಗೂ ಬ್ರೇಕು. ಸ್ಮಿತ್ ಕ್ರೀಕ್ ಸೇತುವೆ ಬರುವಷ್ಟರಲ್ಲಿ ಪೆಡಲು ಹಿಟ್ಟು ಅದುಮಿದ ಹಾಗೆ ಮೆತ್ತಗಾಯಿತು. ಎರಡು ಸಲ ಪಂಪ್ ಮಾಡಿದ ಮೇಲೆಯೇ ಗಾಡಿ ಹಿಡಿದದ್ದು. ಪಕ್ಕದಲ್ಲಿ ಮಗಳಿದ್ದಳು. ನಮ್ಮಪ್ಪ ಚಾರ್ಮಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. 'ಹತ್ತಿದ ಗೇರಲ್ಲೇ ಇಳಿಸಬೇಕು ಮಗಾ' ಅಂತ ಎಷ್ಟು ಸಲ ಹೇಳಿದ್ದರೋ. ಆವತ್ತು ನಾನು ನಾಲ್ಕನೇ ಗೇರಲ್ಲಿದ್ದೆ.

ಮನೆಗೆ ಬಂದು ನೋಡಿದರೆ ಬ್ರೇಕ್ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಮಾಲೀಕರ ಕಾಲದ್ದು, ನಾನೂ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅಂತ ಮಾರುವ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು; ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನೊಳಗೆ ಆವಿ. ಆವಿ ಒತ್ತಿದರೆ ಕುಗ್ಗುತ್ತದೆ, ಕಾಲಿನ ಬಲವೆಲ್ಲ ಅಲ್ಲೇ ಮುಗಿಯುತ್ತದೆ.

ಇನ್ನು ಹಾಕಿದ ಸಾಮಾನಿನ ವಿಷಯ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿಯುವ ಕ್ಯಾಲಿಪರ್ ಹಳೆಯದೇ ಸಾಕು. ಬದಲಾಗುವುದು ಅದನ್ನು ಹಿಡಿದಿರುವ ಬ್ರ್ಯಾಕೆಟ್, ಡಿಸ್ಕ್, ಪ್ಯಾಡ್. ಮುಂದಿನ ಡಿಸ್ಕ್ 235 ಮಿಲಿಮೀಟರಿನಿಂದ 255ಕ್ಕೆ, ಹಿಂದಿನದು 231ರಿಂದ 251ಕ್ಕೆ ಹೋಗುತ್ತದೆ. ಹದಿನಾಲ್ಕು ಇಂಚಿನ ಹಳೇ ಚಕ್ರದೊಳಗೇ ಕೂರುತ್ತದೆ, ಇದು ದೊಡ್ಡ ಉಳಿತಾಯ. ಬ್ರ್ಯಾಕೆಟ್ ಗುಜರಿಯಲ್ಲಿ ಸಿಕ್ಕಿತು. ಡಿಸ್ಕನ್ನು ಮಾತ್ರ ಹೊಸದೇ ತಗೊಳ್ಳಿ. ನನಗೆ ಒಂದು ಅಂಗಡಿಯವರು 1.8ರ ಡಬ್ಬಿಯಲ್ಲಿ 1.6ರ ಡಿಸ್ಕ್ ಕಳಿಸಿದ್ದರು. ಹಳೆಯದನ್ನು ಬಿಚ್ಚುವ ಮೊದಲೇ ಟೇಪು ಹಿಡಿದು ಅಳೆದದ್ದು ಒಳ್ಳೆಯದಾಯಿತು. ಮುಂದಿನದನ್ನು ಮಾತ್ರ ಹಾಕಿ ಹಿಂದಿನದನ್ನು ಬಿಡಬೇಡಿ. ಮುಂದಿನ ಚಕ್ರಕ್ಕೇ ಬ್ರೇಕು ಜಾಸ್ತಿಯಾಗಿ, ಇಷ್ಟು ಹದವಾಗಿ ಓಡುವ ಗಾಡಿಯ ಹದ ಕೆಡುತ್ತದೆ.

ಬ್ಲೀಡ್ ಮಾಡುವಾಗ, ಅಂದರೆ ಪೈಪಿನೊಳಗಿನ ಹಳೇ ಆಯಿಲ್, ಗಾಳಿ ಹೊರಗೆ ತೆಗೆಯುವಾಗ, ಪೆಡಲಿಗೆ ಮಗಳನ್ನೇ ಕೂರಿಸಿದೆ. ಎಡಗಡೆ ಸ್ಟೀರಿಂಗ್ ಇರುವ ಗಾಡಿಯಾದ್ದರಿಂದ ಬಲ ಹಿಂದಿನ ಚಕ್ರ ಮೊದಲು, ಪೆಡಲಿನ ಕಡೆಯಿಂದ ಅದೇ ಎಲ್ಲಕ್ಕಿಂತ ದೂರದ್ದು. 'ಒತ್ತು, ಹಿಡ್ಕೋ' ಅಂತ ನಾನು, 'ಅಪ್ಪಾ, ಬಿಡ್ಲಾ?' ಅಂತ ಅವಳು. ಪಾರದರ್ಶಕ ಪೈಪಿನಲ್ಲಿ ಮೊದಲು ಕಪ್ಪು ನೀರು, ಆಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು, ಕೊನೆಗೆ ಜೇನುತುಪ್ಪದ ಬಣ್ಣದ ಹೊಸ ಆಯಿಲ್. ರಬ್ಬರ್ ಹೋಸ್ ತೆಗೆದು ಸ್ಟೀಲ್ ಹೆಣಿಗೆಯದನ್ನೂ ಆಗಲೇ ಹಾಕಿದೆ.

ಇಷ್ಟೆಲ್ಲ ಮಾಡಿದರೂ ಪೆಡಲು ಅರ್ಧದ ತನಕ ಇಳಿಯುತ್ತಿತ್ತು. ಗಾಳಿ ಉಳಿದಿದೆ ಅಂದುಕೊಂಡು ಇನ್ನೊಂದು ದಿನ ಬ್ಲೀಡ್ ಮಾಡಿದೆ, ಆಯಿಲ್ ಖಾಲಿಯಾಯಿತೇ ಹೊರತು ಪೆಡಲು ಏಳಲಿಲ್ಲ. ಗುಟ್ಟು ಹಿಂದಿನ ಕ್ಯಾಲಿಪರಿನಲ್ಲಿತ್ತು. ಅದರ ಬೆನ್ನಿಗೆ 14ರ ಸ್ಪ್ಯಾನರಿಗೆ ಸಿಗುವ ಒಂದು ಬೋಲ್ಟ್ ಇದೆ. ಅದನ್ನು ತೆಗೆದರೆ ಒಳಗೆ ಕಾಣದ ಹಾಗೆ ಪ್ಯಾಡನ್ನು ಡಿಸ್ಕಿನ ಹತ್ತಿರಕ್ಕೆ ತರುವ ಒಂದು ಅಡ್ಜಸ್ಟರ್, 4 ಮಿಲಿಮೀಟರಿನ ಅಲೆನ್ ಕೀ ಬೇಕು. ಚಕ್ರ ತಿರುಗದಷ್ಟು ಬಿಗಿ ಮಾಡಿ, ಒಂದು ಸುತ್ತಿನ ಮೂರನೇ ಒಂದು ಭಾಗದಷ್ಟು ಸಡಿಲಿಸಬೇಕು. ಎರಡೂ ಕಡೆ ಹತ್ತು ನಿಮಿಷದ ಕೆಲಸ. ಪೆಡಲು ಕಾಲಿಗೆ ಎದುರು ನಿಂತಿತು, ಹ್ಯಾಂಡ್ ಬ್ರೇಕೂ ಸರಿಹೋಯಿತು. ನೀವು ಈ ಕೆಲಸಕ್ಕೆ ಕೈ ಹಾಕುವವರಾದರೆ ಮೊದಲು ಆ ಅಲೆನ್ ಕೀ ತಂದಿಟ್ಟುಕೊಳ್ಳಿ.

ಆಮೇಲೆ ಖಾಲಿ ರಸ್ತೆಯಲ್ಲಿ 100 ಕಿಲೋಮೀಟರ್ ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಬ್ರೇಕ್ ಹಿಡಿದು, ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವ ಹಾಗೆ ಪಳಗಿಸಿದೆ.

ದೊಡ್ಡ ಡಿಸ್ಕ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತದೆ ಅಂತ ನಂಬಿ ದುಡ್ಡು ಹಾಕಬೇಡಿ. ಹಳೇ ಬ್ರೇಕೂ ಚಕ್ರವನ್ನು ಲಾಕ್ ಮಾಡುತ್ತಿತ್ತು, ಅಲ್ಲಿಂದಾಚೆಗೆ ನಿಲ್ಲಿಸುವುದು ಟೈರು. ದೊಡ್ಡ ಡಿಸ್ಕಿನ ಕೆಲಸ ಬಿಸಿ ತಡೆಯುವುದು. ಒಂದು ಸಲದ ಬ್ರೇಕಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಐವತ್ತನೇ ಸಲಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಊರೊಳಗೆ, ಆಫೀಸಿಗೆ ಓಡಿಸುವವರಿಗೆ ಹೊಸ ಆಯಿಲ್, ಒಳ್ಳೆ ಪ್ಯಾಡ್, ಆ ಅಡ್ಜಸ್ಟರ್ ಸಾಕು. ನೂರು ಡಾಲರಿನೊಳಗೆ ಮುಗಿಯುತ್ತದೆ. ಬೆಟ್ಟ ಇಳಿಯುವವರು, ಟ್ರ್ಯಾಕಿಗೆ ಹೋಗುವವರು ಪೂರ್ತಿ ಹಾಕಿ.

ಹೋದ ಭಾನುವಾರ ಮತ್ತೆ ಹ್ಯಾಮಿಲ್ಟನ್‌ಗೆ ಹೋಗಿದ್ದೆವು, ಅದೇ ಮಗಳ ಜೊತೆ. ಅಪ್ಪ ಹೇಳಿದ ಹಾಗೆ ಎರಡನೇ ಗೇರಲ್ಲೇ ಇಳಿಸಿದೆ. ಕೆಳಗೆ ಗ್ರ್ಯಾಂಟ್ ಪಾರ್ಕಿನ ಹತ್ತಿರ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದರೆ ಬಿಸಿ ರಾಚಿತು, ಸುಟ್ಟ ವಾಸನೆ ಇರಲಿಲ್ಲ. ಪೆಡಲು ಬೆಳಿಗ್ಗೆ ಮನೆ ಬಿಟ್ಟಾಗ ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಎತ್ತರದಲ್ಲಿತ್ತು.